ಮಾವಿಯ ಸಂಘ ಮತ್ತು ಅಪ್ಪನ ಪಲ್ಪರು

ಢಣ್, ಢಣ್, ಢಣಾಢಣ್. ಖಾಲಿ ಸೀಮೆಎಣ್ಣೆ ಡಬ್ಬವನ್ನು ಹಿತ್ತಾಳೆಯ ಸೌಟಿನಿಂದ ಬಡಿಯುವ ಸದ್ದು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅದು ಎದ್ದಿತೆಂದರೆ ಮೇಲಿನಬೀದಿಯ ಹನ್ನೆರಡು ಮನೆಗಳ ಕಿಟಕಿಗಳು ಒಂದರ ಹಿಂದೊಂದು ಮುಚ್ಚಿಕೊಳ್ಳುತ್ತಿದ್ದವು. ಒಳಗಿದ್ದವರು ನಿದ್ದೆ ಬಂದವರಂತೆ ನಟಿಸುತ್ತಿದ್ದರು. ಕೆಲವರಂತೂ ಬೀದಿಗೆ ಕೇಳುವ ಹಾಗೆ ಗೊರಕೆ ಹೊಡೆಯುತ್ತಿದ್ದರು. ತೋಡು, ಅಂದರೆ ನಮ್ಮ ಊರಿನ ಹಳ್ಳ, ಅದರ ಆಚೆ ದಿಣ್ಣೆಯ ಮೇಲಿದ್ದ ನಮ್ಮ ಎಸ್ಟೇಟ್ ಮನೆಗೂ ಆ ಸದ್ದು ತಲುಪುತ್ತಿತ್ತು. ಅಪ್ಪ ನ್ಯೂಸ್‌ಪೇಪರಿನಿಂದ ಕಣ್ಣೆತ್ತದೆ, "ಹೋಗ್ ಬೇಬಿ, ನಿನ್ನ ಪಾರ್ಲಿಮೆಂಟ್ ಕರಿತಾ ಉಟ್ಟು" ಅನ್ನುತ್ತಿದ್ದರು. ಮನೆಯೊಳಗೆ ನಮ್ಮದು ಅರೆಭಾಷೆ, ಅದರಲ್ಲಿ 'ಉಂಟು' ಎನ್ನುವುದು 'ಉಟ್ಟು' ಆಗುತ್ತದೆ. ನಾನು ಚಪ್ಪಲಿ ಮೆಟ್ಟಿ, ಪೆನ್ನು ಹುಡುಕಿ, ಓಡುತ್ತಿದ್ದೆ.

ಸೌಟು ಹಿಡಿದಿದ್ದವರನ್ನು ಊರೆಲ್ಲ ಮಾವಿ ಅನ್ನುತ್ತಿತ್ತು. ಕೊಡವರು ಸೋದರತ್ತೆಯನ್ನು ಹಾಗೆ ಕರೆಯುವುದು. ಅವರು ನಿಜವಾಗಿ ಯಾರ ಸೋದರತ್ತೆ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳಿರಲಿಲ್ಲ. ಮಿಲಿಟರಿಯಲ್ಲಿದ್ದ ಗಂಡ ತೀರಿಕೊಂಡಾಗ ಅವರಿಗೆ ಬಿಟ್ಟುಹೋದದ್ದು ಒಂದು ಹೆಂಚಿನ ಮನೆ, ಒಂದು ಕೋವಿ ಮತ್ತು ಆರ್ಡರ್ ಕೊಡುವ ಅಭ್ಯಾಸ. ಕುಳ್ಳಗೆ, ಅಗಲವಾಗಿ, ಯಾವಾಗಲೂ ಸ್ವಲ್ಪ ಮುಂದಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ತಲೆಗೆ ಕಟ್ಟಿದ ವಸ್ತ್ರದ ಗಂಟನ್ನು ಒಮ್ಮೆ ಬಿಗಿದರೆ ಅವರು ಮಾತಾಡಲಿದ್ದಾರೆ ಎಂದರ್ಥ. ಎರಡು ಸಲ ಬಿಗಿದರೆ ಇನ್ನು ಬೇರೆ ಯಾರೂ ಮಾತಾಡಬಾರದು ಎಂದರ್ಥ.

ಸಂಘದ ಹೆಸರು 'ಮೇಲಿನಬೀದಿ ನಿವಾಸಿಗಳ ಹಾಗೂ ತೋಡಿನ ಕ್ಷೇಮಾಭಿವೃದ್ಧಿ ಸಂಘ'. ಸಿದ್ದಾಪುರದಿಂದ ಪೇಂಟರನ್ನು ಕರೆಸಿ ಬೋರ್ಡು ಬರೆಸಿದರು. ಆ ಪೇಂಟರು ಅಕ್ಷರಗಳನ್ನು ಇಷ್ಟಿಷ್ಟು ದಪ್ಪ ಬರೆದು, 'ಕ್ಷೇಮಾಭಿ' ಎನ್ನುವಲ್ಲಿಗೆ ಹಲಗೆ ಮುಗಿಸಿಬಿಟ್ಟ. ಉಳಿದದ್ದನ್ನು ಹಲಗೆಯ ಹಿಂಬದಿಯಲ್ಲಿ ಬರೆದ. "ಪರವಾಗಿಲ್ಲ," ಅಂದರು ಮಾವಿ. "ಹೋಗುವಾಗ ಅರ್ಧ ಓದ್ತಾರೆ, ಬರುವಾಗ ಅರ್ಧ ಓದ್ತಾರೆ. ಯಾರಾದರೂ ಹೋಗಿ ಬರದೆ ಇರ್ತಾರಾ?"

ಈಗ ನಾನಿರುವ ಮೈಸೂರಿನ ಅಪಾರ್ಟ್‌ಮೆಂಟಿನಲ್ಲೂ ಒಂದು ಅಸೋಸಿಯೇಷನ್ ಇದೆ. ಮೀಟಿಂಗಿನ ನೋಟಿಸು ಲಿಫ್ಟಿನ ಒಳಗೆ ಅಂಟಿಸುತ್ತಾರೆ, ಎಲ್ಲವೂ ವೆರಿ ಪೊಲೈಟ್. ನೀರಿನ ಟ್ಯಾಂಕ್ ತೊಳೆಯುವ ವಿಷಯ ಬಂದಾಗಲೆಲ್ಲ ನನಗೆ ಒಬ್ಬಳಿಗೇ ನಗು ಬರುತ್ತದೆ. ಪಕ್ಕದವರು, ಆಂಟಿಗೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಆಗಿದೆ, ನಿಜ. ಆದರೆ ನಗು ಬರುವುದು ಅದಕ್ಕಲ್ಲ.

ಮೊದಲ ಮೀಟಿಂಗಿನಲ್ಲಿ ಚರ್ಚೆಯಾದದ್ದು ಮೀಟಿಂಗಿಗೆ ಜನರನ್ನು ಕರೆಯುವುದು ಹೇಗೆ ಎಂದು. ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಿದ್ದ ಕಾಕಾ, ತಲಚೇರಿಯ ಕಡೆಯಿಂದ ಬಂದು ನೆಲೆಸಿದ ಮಾಪಿಳ್ಳೆ ಮುಸ್ಲಿಮರು, ಒಂದು ಸಲಹೆ ಕೊಟ್ಟರು.

"ಮಾವೀ, ನಿಮ್ಮತ್ರ ಕೋವಿ ಉಂಟಲ್ಲಾ. ಒಂದ್ ವೆಡಿ ವೈಚ್ಚಾಲ್, ಢಂ ಅಂತ ಒಂದು ಹೊಡೆದ್ರೆ ಎಲ್ಲಾ ಓಡಿ ಬರ್ತಾರೆ."

"ಒಂದು ಹೊಡೆದರೆ ಯಾರ ಮನೆಯಲ್ಲಿ ಗಂಡು ಹುಟ್ಟಿತು ಅಂತ ಬೆಲ್ಲ ಕೇಳಿಕೊಂಡು ಬರ್ತಾರೆ ಕಾಕಾ."

"ಹಂಗಾದ್ರೆ ಎರಡು?"

"ಎರಡು ಹೊಡೆದರೆ ಸಾವು. ಅಳ್ತಾ ಬರ್ತಾರೆ."

"ಮೂರು?"

"ಎರಡಕ್ಕೇ ಅಳ್ತಾ ಹೊರಟಿರ್ತಾರಲ್ಲ, ಮೂರನೆಯದು ಯಾರಿಗೆ ಕೇಳ್ತದೆ?"

ಕೊಡಗಿನಲ್ಲಿ ಕೋವಿಯ ಲೆಕ್ಕ ಅಷ್ಟೇ. ಮೀಟಿಂಗಿಗೆ ಉಳಿದ ನಂಬರೇ ಇರಲಿಲ್ಲ. ಹಾಗಾಗಿ ಸೀಮೆಎಣ್ಣೆ ಡಬ್ಬ.

ತಪ್ಪದೆ ಬರುತ್ತಿದ್ದವರು ಮಾವಿ, ಕಾಕಾ, ರೈಟರು ಮತ್ತು ನಾನು. ರೈಟರು ಅಂದರೆ ಕತೆ ಬರೆಯುವವರಲ್ಲ, ನಮ್ಮ ಎಸ್ಟೇಟಿನ ಗುಮಾಸ್ತರು. ಅವರ ಮನೆ ಮೇಲಿನಬೀದಿಯಲ್ಲಿ, ಸಂಬಳ ಅಪ್ಪನಿಂದ. ಅದಕ್ಕಾಗಿ ಅವರು ಮೀಟಿಂಗಿನಲ್ಲಿ ಬಾಗಿಲ ಹೊಸ್ತಿಲ ಮೇಲೆಯೇ ಕೂರುತ್ತಿದ್ದರು. ಯಾರಾದರೂ ಕೇಳಿದರೆ ಒಳಗೆ ಹೋಗಿರಲಿಲ್ಲ ಅನ್ನಬಹುದು, ಮಾವಿ ಕೇಳಿದರೆ ಹೊರಗಿರಲಿಲ್ಲ ಅನ್ನಬಹುದು.

ಸಂಘ ಕೈಗೆತ್ತಿಕೊಂಡ ವಿಷಯಗಳು ಒಂದೆರಡಲ್ಲ. ಸೇತುವೆಯ ಕಂಬಕ್ಕೆ ಎಲೆಯಡಿಕೆ ಉಗುಳುವವರ ವಿರುದ್ಧ ಒಂದು ತಿಂಗಳು ಹೋರಾಟ ನಡೆಯಿತು. ಮಾವಿ ಖುದ್ದಾಗಿ ಸೇತುವೆಯ ಮೇಲೆ ಕುರ್ಚಿ ಹಾಕಿ ಕೂತು, ಕೆನ್ನೆ ಉಬ್ಬಿದವರನ್ನೆಲ್ಲ ತಡೆದು ಕ್ಷೇಮ ಸಮಾಚಾರ ಕೇಳುತ್ತಿದ್ದರು. ಬಾಯಿ ತುಂಬ ರಸ ಇಟ್ಟುಕೊಂಡು ಮಾವಿಗೆ ಉತ್ತರ ಕೊಡುವ ಧೈರ್ಯ ಯಾರಿಗಿತ್ತು? ಎಲ್ಲರೂ ನುಂಗಿದರು. ಆಮೇಲೆ ಕಮ್ಯೂನಿಟಿ ಲೈಫ್ ಬೆಳೆಯಬೇಕೆಂದು ಫ್ಲವರ್ ಷೋ ಮಾಡಿದರು. ಬಂದದ್ದು ಮಾವಿಯ ಡೇಲಿಯಾ ಒಂದೇ. ಅದಕ್ಕೆ ಎರಡನೆಯ ಬಹುಮಾನ ಕೊಟ್ಟರು. "ಮೊದಲನೆಯದು ಕೊಟ್ಟರೆ ಜನ ಮಾತಾಡ್ತಾರೆ" ಎಂದು ಅವರ ವಾದ.

ಆದರೆ ನಿಜವಾದ ಜಗಳ ಒಂದೇ, ಅದು ತೋಡಿನದು. ಅದು ನಮ್ಮ ಅಪ್ಪನ ಜೊತೆ.

ಕಾಫಿ ಹಣ್ಣನ್ನು ಕೊಯ್ದ ಮೇಲೆ ಅದರ ಕೆಂಪು ಸಿಪ್ಪೆ ಸುಲಿಯಲು ಪಲ್ಪರಿಗೆ ಹಾಕುತ್ತಾರೆ. ಡ್ರಮ್ಮು ತಿರುಗುತ್ತದೆ, ನೀರು ಸುರಿಯುತ್ತದೆ, ಬೀಜ ಒಂದು ಕಡೆ ಹೋಗುತ್ತದೆ, ಸಿಪ್ಪೆಯೂ ಲೋಳೆಯೂ ಇನ್ನೊಂದು ಕಡೆ. ನಮ್ಮ ಪಲ್ಪರಿನ ಆ 'ಇನ್ನೊಂದು ಕಡೆ' ತೋಡಾಗಿತ್ತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ತೋಡು ತುಕ್ಕಿನ ಬಣ್ಣಕ್ಕೆ ತಿರುಗಿ, ಮೇಲೆ ಬಿಯರಿನಂಥ ನೊರೆ ಕಟ್ಟಿ, ಕೊಳೆತ ಹಲಸಿನ ಹಣ್ಣಿನ ವಾಸನೆ ಹೊಡೆಯುತ್ತಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಡದಲ್ಲೇ ಇದ್ದ ಮೇಲಿನಬೀದಿಯ ಬಾವಿಗೂ ಅದು ಒಸರುತ್ತಿತ್ತು. ಆ ಮೂರು ತಿಂಗಳು ಹನ್ನೆರಡು ಮನೆಯ ಹೆಂಗಸರು ಅರ್ಧ ಮೈಲಿ ಗುಡ್ಡ ಹತ್ತಿ, ಒರತೆಯಿಂದ ಕುಡಿಯುವ ನೀರು ಹೊರುತ್ತಿದ್ದರು.

ಮಾವಿ ಒಮ್ಮೆ ಮಾತ್ರ ನಗದೆ ನನ್ನೊಡನೆ ಮಾತಾಡಿದ್ದು ನೆನಪಿದೆ. ಬಾವಿಕಟ್ಟೆಯ ಮೇಲೆ ಕೂತಿದ್ದೆವು. ನನ್ನನ್ನು ಅವರು ಕುಂಞಿ, ಅಂದರೆ ಮಗು, ಎಂದೇ ಕರೆಯುತ್ತಿದ್ದರು. "ಮದುವೆಯಾಗಿ ಬಂದ ದಿನ ನಾನು ಈ ಬಾವಿಯ ನೀರು ಸೇದಿ ತಲೆ ಮೇಲೆ ಇಟ್ಟದ್ದು ಕುಂಞಿ. ನಮ್ಮಲ್ಲಿ ಗೊತ್ತುಂಟಲ್ಲ, ಮದುಮಗಳು ನೀರು ಹೊತ್ತು ಬರುವಾಗ ನೆಂಟರು ಎದುರು ನಿಂತು ಕುಣೀತಾರೆ, ದಾರಿ ಬಿಡುದಿಲ್ಲ. ಎರಡು ಗಂಟೆ ಕುಣಿದರು. ಎರಡು ಗಂಟೆ ಈ ನೀರು ನನ್ನ ತಲೆ ಮೇಲಿತ್ತು. ಒಂದು ಹನಿ ಚೆಲ್ಲಲಿಲ್ಲ. ಈಗ ಅದನ್ನೇ ಮೂಗು ಮುಚ್ಚಿಕೊಂಡು ನೋಡಬೇಕಾ?"

ಅಪ್ಪ ಕೆಟ್ಟವರಲ್ಲ. ಪಲ್ಪರಿನ ನೀರನ್ನು ಹೊಂಡ ತೋಡಿ ಇಂಗಿಸಬಹುದೆಂದು ಅವರಿಗೂ ಗೊತ್ತಿತ್ತು. ಆದರೆ ಪಲ್ಪರಿನ ಕೆಳಗೆ ಸಮತಟ್ಟಾದ ಜಾಗ ಇದ್ದದ್ದು ಒಂದೇ, ಅದರಲ್ಲಿ ಅಪ್ಪ ಬ್ಯಾಡ್ಮಿಂಟನ್ ಕೋರ್ಟು ಮಾಡಿಸಿದ್ದರು. ಅಪ್ಪನಿಗೆ ಬ್ಯಾಡ್ಮಿಂಟನ್ ಬರುತ್ತಿರಲಿಲ್ಲ. ಅದೇ ಕಾರಣಕ್ಕೆ ಅದರ ಮೇಲೆ ಪ್ರೀತಿ ಹೆಚ್ಚು.

ಈ ಜಗಳದಲ್ಲಿ ನನ್ನ ಸ್ಥಾನ ವಿಚಿತ್ರವಾಗಿತ್ತು. ಮಡಿಕೇರಿಯ ಕಾನ್ವೆಂಟಿನಿಂದ ಓದು ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದೆ. ಸುತ್ತಮುತ್ತ ಟೈಪ್‌ರೈಟರ್ ಇದ್ದದ್ದು ನಮ್ಮ ಮನೆಯಲ್ಲಿ, ಟೈಪ್ ಮಾಡಲು ಬರುತ್ತಿದ್ದದ್ದು ನನಗೆ. ಸಂಘದ ಪತ್ರಗಳನ್ನೂ ನಾನೇ ಟೈಪ್ ಮಾಡುತ್ತಿದ್ದೆ, ಅಪ್ಪನ ಉತ್ತರಗಳನ್ನೂ ನಾನೇ ಟೈಪ್ ಮಾಡುತ್ತಿದ್ದೆ. ಬಂದ ಪತ್ರಕ್ಕೆ ಅಂದೇ ಉತ್ತರ ಕೊಡಬೇಕೆಂದು ಸಿಸ್ಟರುಗಳು ಕಲಿಸಿದ್ದರಿಂದ ಎರಡು ಕಡೆಯೂ ವಿಳಂಬ ಅನ್ನುವುದೇ ಇರಲಿಲ್ಲ.

ಮಾವಿ ಡಿಕ್ಟೇಟ್ ಮಾಡುವರು: "ಬರಿ. ನಿಮ್ಮ ಪಲ್ಪರಿನ ಗಲೀಜು ನಮ್ಮ ಬಾವಿಗೆ ಬರ್ತಾ ಉಂಟು, ನಿಮಗೆ ನಾಚಿಕೆ ಉಂಟಾ ಇಲ್ವಾ?"

ನಾನು 'ವಿತ್ ಡ್ಯೂ ರೆಸ್ಪೆಕ್ಟ್, ವಿ ಬೆಗ್ ಟು ಡ್ರಾ ಯುವರ್ ಕೈಂಡ್ ಅಟೆನ್ಷನ್' ಎಂದು ಶುರುಮಾಡಿ ಓದಿ ಹೇಳುತ್ತಿದ್ದೆ.

"ನಾಚಿಕೆ ಎಲ್ಲಿ ಹಾಕಿದ್ದೀ?"

"ಕೈಂಡ್ ಅಂತ ಇದೆಯಲ್ಲ ಮಾವಿ, ಅದರ ಒಳಗಿದೆ."

"ಒಳಗೆ ಗಟ್ಟಿಯಾಗಿ ಸಿಕ್ಕಿಸು. ತೋಡು ದಾಟುವಾಗ ಬಿದ್ದು ಹೋದೀತು."

ರಾತ್ರಿ ಊಟದ ಮೇಜಿನಲ್ಲಿ ಅಪ್ಪ ಕನ್ನಡಕ ಏರಿಸಿ ಅದನ್ನು ಓದುವರು. "ಸ್ಪೆಲ್ಲಿಂಗ್ ಎಲ್ಲ ಸರಿ ಉಟ್ಟು. ಕಾನ್ವೆಂಟ್ ಫೀಸ್ ದಂಡ ಆಗಿಲ್ಲೆ" ಎಂದು ಹೆಮ್ಮೆಪಟ್ಟು, ಉತ್ತರ ಹೇಳುವರು: "ಬರಿ. ಈ ಪಲ್ಪರ್ ನನ್ನ ಅಪ್ಪನ ಕಾಲದ್ದ್. ತೋಡು ಅದಕ್ಕಿಂತ ಹಳೇದ್ ಅಂತ ಯಾರತ್ರನೂ ಪ್ರೂಫ್ ಇಲ್ಲೆ."

ಮರುದಿನ ಅದನ್ನು ನಾನು ಮಾವಿಗೆ ಓದಿ ಹೇಳಿದಾಗ ಅವರು ವಸ್ತ್ರದ ಗಂಟನ್ನು ಎರಡು ಸಲ ಬಿಗಿದರು. "ತೋಡಿಗೆ ಬರ್ತ್ ಸರ್ಟಿಫಿಕೇಟ್ ಬೇಕಾ ನಿನ್ನ ಅಪ್ಪನಿಗೆ? ಬರಿ!"

ಒಂದು ಚಳಿಗಾಲವಿಡೀ ನಾನು ನನಗೇ ಪತ್ರ ಬರೆದುಕೊಂಡೆ. ಎರಡೂ ಪಕ್ಷದವರು ಎದುರಾಳಿಯ ಇಂಗ್ಲಿಷನ್ನು ತುಂಬ ಮೆಚ್ಚಿಕೊಂಡರು. ತೋಡು ಮಾತ್ರ ಹಾಗೆಯೇ ಹರಿಯುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಹೆಚ್ಚು ದಿನವಾಗಿರಲಿಲ್ಲ. ಮೊದಲಾದರೆ ಅರ್ಜಿ ಮಡಿಕೇರಿಯವರೆಗೆ ಹೋದರೆ ಸಾಕಿತ್ತು. ಈಗ ಬೆಂಗಳೂರಿಗೆ ಹೋಗಬೇಕು ಎಂದು ರೈಟರು ಹೊಸ್ತಿಲ ಮೇಲಿಂದಲೇ ತಿಳಿಸಿದರು. ಮಾವಿ ಒಂದು ಕ್ಷಣ ಯೋಚಿಸಿದರು. "ದೂರ ಹೋಗುವ ಕಾಗದ ಕುಂಞಿ. ದಪ್ಪ ದಪ್ಪ ಇಂಗ್ಲಿಷ್ ಹಾಕು, ದಾರಿಯಲ್ಲಿ ಸವೆದರೂ ಸ್ವಲ್ಪ ಉಳೀಬೇಕು." ನಾನು ಡಿಕ್ಷನರಿ ಇಟ್ಟುಕೊಂಡು ಮೂರು ಪುಟ ಬರೆದೆ. ದುರ್ನಾತಕ್ಕೆ 'ಎಫ್ಲುವಿಯಾ' ಎಂಬ ಪದವನ್ನು ಹಾಕಿದೆ. ಇವತ್ತಿಗೂ ಆ ಬಗ್ಗೆ ನನಗೆ ಸಂಕೋಚವಿದೆ.

ಅದು ಎಲ್ಲಿ ಎಲ್ಲಿ ಹೋಯಿತೋ, ಮರುವರ್ಷದ ಜನವರಿಯಲ್ಲಿ ಒಬ್ಬ ಸಾಹೇಬರು ಜೀಪಿನಲ್ಲಿ ಇನ್‌ಸ್ಪೆಕ್ಷನ್ನಿಗೆ ಬಂದೇಬಿಟ್ಟರು. ತೆಳ್ಳಗೆ, ಸಜ್ಜನರಾಗಿ ಕಾಣುತ್ತಿದ್ದರು. ಕುಶಾಲನಗರ ದಾಟಿ ಘಾಟಿ ಹತ್ತಿದಾಗಿನಿಂದ ಶೀತವಾಗಿದೆ ಎಂದು ಬಂದವರೇ ಹೇಳಿದರು. ಮಫ್ಲರು, ಕೈಯಲ್ಲಿ ಕರ್ಚೀಫು. ಮಾವಿ ಅವರನ್ನು ನೇರವಾಗಿ ತೋಡಿನ ಅಂಚಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಕಾಕಾ ಟವೆಲಿನಿಂದ ಮೂಗು ಮುಚ್ಚಿಕೊಂಡರು. ನಾನು ಉಸಿರು ಬಿಗಿಹಿಡಿದೆ.

"ವಾಸನೆ ಹೇಗುಂಟು?" ಅಂದರು ಮಾವಿ.

ಸಾಹೇಬರು ಆಳವಾಗಿ ಉಸಿರೆಳೆದುಕೊಂಡರು. "ಯಾವ ವಾಸನೆ ತಾಯಿ?"

ವಾಸನೆಯ ಇನ್‌ಸ್ಪೆಕ್ಷನ್ನಿಗೆ ಮೂಗು ಕಟ್ಟಿದವರನ್ನು ಕಳಿಸಿದ್ದರು.

"ಪಡಚೋನೇ!" ಎಂದು ಕಾಕಾ ದೇವರನ್ನು ಕರೆದರು. "ಸಾಹೇಬ್ರೇ, ಮೀನೆಲ್ಲಾ ಸತ್ತು ಹೋಯಿತು. ಬೆಕ್ಕು ಕೂಡ ತಿಂತಾ ಇಲ್ಲ!"

"ಬಣ್ಣ ನೋಡಿ," ಅಂದೆ ನಾನು.

"ನಿಮ್ಮ ಕಡೆ ಮಣ್ಣೇ ಕೆಂಪಲ್ವೇನಮ್ಮ?" ಎಂದು ಅವರು ಮೃದುವಾಗಿ ಅಂದು, ಸುತ್ತ ನೋಡಿದರು. ಬೀದಿ ಖಾಲಿ. ಪಿಕಿಂಗಿನ ಕಾಲ, ಮೇಲಿನಬೀದಿಯ ಹೆಂಗಸರು ಗಂಡಸರೆಲ್ಲ ನಮ್ಮ ಎಸ್ಟೇಟಿನಲ್ಲೇ ಹಣ್ಣು ಕೊಯ್ಯುತ್ತಿದ್ದರು. ರೈಟರು ಕೂಡ ಅಲ್ಲಿಯೇ. "ನೋಡಿ ತಾಯಿ, ಅರ್ಜಿಯಲ್ಲಿ ಪಬ್ಲಿಕ್ ನ್ಯೂಸೆನ್ಸ್ ಅಂತ ಬರೆದಿದ್ದೀರಿ. ಪಬ್ಲಿಕ್ ಅಂದಮೇಲೆ ಪಬ್ಲಿಕ್ ಇರಬೇಕಲ್ವಾ? ಇಲ್ಲಿ ನೀವು ಮೂರೇ ಜನ ಇದೀರ. ಇದು ನಿಮ್ಮ ನಿಮ್ಮ ಖಾಸಗಿ ವಿಚಾರ ಅಂತ ಬರೆದು ಫೈಲ್ ಕ್ಲೋಸ್ ಮಾಡಬೇಕಾಗುತ್ತೆ. ನನಗೂ ಬೇಜಾರೇ."

ಮಾವಿಯ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ಅತಿಥಿ ಅತಿಥಿಯೇ. ಜಗಲಿಗೆ ಕರೆದು, ಕುರ್ಚಿ ಹಾಕಿ, ಕಾಫಿ ಕೊಟ್ಟರು. ಸಾಹೇಬರು ಫೈಲನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ಎರಡೂ ಕೈಯಲ್ಲಿ ಲೋಟ ಹಿಡಿದು ಮುಖಕ್ಕೆ ಆವಿ ತಗೊಳ್ಳುತ್ತಿದ್ದರು. ಅಷ್ಟರಲ್ಲಿ ಸೀಬೆ ಮರದಿಂದ ಒಂದು ದಪ್ಪ ಮಂಗ ಇಳಿದು ಬಂದು, ಬೇರೆ ಏನನ್ನೂ ಮುಟ್ಟದೆ, ಫೈಲನ್ನು ಕಂಕುಳಿಗೆ ಇರುಕಿಕೊಂಡು ಮರ ಹತ್ತಿತು.

"ನನ್ನ ಫೈಲು! ಒರಿಜಿನಲ್ ಅದು!" ಸಾಹೇಬರು ಎದ್ದರು.

ಮಂಗ ಕೊಂಬೆಯ ಮೇಲೆ ಕಾಲು ಚಾಚಿ ಕೂತು, ದಾರ ಬಿಚ್ಚಿ, ಮೊದಲ ಪುಟ ತೆಗೆದು ನೋಡಿ ಕೆಳಗೆ ಬಿಟ್ಟಿತು. ಎರಡನೆಯದನ್ನು ಮೂಸಿತು. ನನ್ನ 'ಎಫ್ಲುವಿಯಾ' ಇದ್ದ ಪುಟವನ್ನು ತಿಂದಿತು. ಮಾವಿ ಒಳಗೆ ಹೋಗಿ ಕೋವಿ ತಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಮಂಗ ಇನ್ನೂ ಮೇಲಿನ ಕೊಂಬೆಗೆ ಹೋಗಿ ಓದು ಮುಂದುವರಿಸಿತು. ಮಾವಿ ಇನ್ನೊಂದು ತೋಟಾ ತುಂಬಿ ಮತ್ತೆ ಹಾರಿಸಿದರು. ಫೈಲು ಧೊಪ್ಪನೆ ಬಿತ್ತು.

ಸಾಹೇಬರು ಓಡಿ ಹೋಗಿ ಅದನ್ನು ಎತ್ತಿಕೊಂಡರು. ಮಾವಿ ಕೋವಿ ಇಳಿಸಿ, ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ ಕುಂಞಿ. ಎರಡಾಯ್ತು."

ನನಗೆ ಒಂದು ನಿಮಿಷ ಅರ್ಥವಾಗಲಿಲ್ಲ. ಆಮೇಲೆ ದಿಣ್ಣೆಯ ಕಡೆಯಿಂದ ಬರುತ್ತಿದ್ದ ಗಡಗಡ ಸದ್ದು ನಿಂತಿತು. ಪಲ್ಪರು ನಿಂತಿತ್ತು. ಸಾವಿನ ಗುಂಡು ಕೇಳಿದ ಮೇಲೆ ಕೆಲಸ ಮಾಡುವುದುಂಟೇ? ಎಲ್ಲಿಯದೋ ಒಂದು ಹೆಂಗಸಿನ ಗೋಳು ತೋಟದ ನಡುವಿಂದ ಎದ್ದಿತು. "ನಮ್ಮ ಮಾವಿ ಮನೆ ಕಡೆಯಿಂದಾ!"

"ನಾನ್ ಓಡಿ ಹೇಳಿ ಬರ್ತೇನೆ, ಯಾರೂ ಸತ್ತಿಲ್ಲ ಅಂತ," ಎಂದು ಕಾಕಾ ಲುಂಗಿ ಎತ್ತಿ ಕಟ್ಟಿದರು.

ಮಾವಿ ತಲೆಯ ಗಂಟನ್ನು ಬಿಗಿದರು. ಇನ್ನೊಮ್ಮೆ ಬಿಗಿದರು. "ಕೂತುಕೋ ಕಾಕಾ. ಸಾಹೇಬರೇ, ಪಬ್ಲಿಕ್ ಬೇಕು ಅಂದಿರಲ್ಲ. ಬರ್ತಾ ಉಂಟು. ನಾನು ಅಷ್ಟು ಜನಕ್ಕೆ ಕಾಫಿ ಇಡ್ತೇನೆ." ಹೀಗೆಂದು ಅಡುಗೆಮನೆಗೆ ಹೋದರು.

ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಎಸ್ಟೇಟಿನ ಕೂಲಿಲೈನಿನ ಮನೆಗಳವರು, ಮೇಲಿನಬೀದಿಯವರು, ಕಂಡಕ್ಟರ್ ಸಮೇತ ಸಿದ್ದಾಪುರದ ಬಸ್ಸಿನವರು, ಎಲ್ಲರೂ ಬಂದರು. ಭಾನುವಾರದ ಮೀಟಿಂಗಿಗೆ ಗೊರಕೆ ಹೊಡೆದವರೆಲ್ಲ ಈಗ ಎದೆ ಬಡಿದುಕೊಳ್ಳುತ್ತಿದ್ದರು. ಜಗಲಿಯ ಮೇಲೆ ಗಂಭೀರವಾಗಿ ನಿಂತಿದ್ದ ಅಪರಿಚಿತರು ಸಾಹೇಬರೊಬ್ಬರೇ. ಮಾವಿಯ ದೂರದ ನೆಂಟರೇ ಇರಬೇಕೆಂದು ಜನ ಸಾಲಾಗಿ ಬಂದು ಅವರ ಕೈ ಹಿಡಿದು ಸಂತಾಪ ಹೇಳತೊಡಗಿದರು. ಅವರು ಮರ್ಯಾದಸ್ಥರು. ಮೂಗೊರೆಸಿಕೊಳ್ಳುತ್ತ, "ಆಗಲಿ, ಆಗಲಿ, ಏನು ಮಾಡೋಕಾಗುತ್ತೆ" ಅನ್ನುತ್ತಿದ್ದರು. ಅವರ ಶೀತವನ್ನು ಕಂಡು ಜನ ಇನ್ನಷ್ಟು ಅತ್ತರು. ಕಾಕಾ ಟವೆಲಿನಲ್ಲಿ ಮುಖ ಮುಚ್ಚಿ ಭುಜ ಕುಲುಕಿಸುತ್ತಿದ್ದರು. ಅದು ನಗು ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಕೊನೆಯಲ್ಲಿ ಅಪ್ಪ ಬಂದರು. ಬಿಳಿ ಪಂಚೆ ಉಟ್ಟು, ಬರಿಗಾಲಲ್ಲಿ, ರೈಟರನ್ನು ಹಿಂದಿಟ್ಟುಕೊಂಡು. ಬಂದವರೇ ನನ್ನ ತಲೆ ಸವರಿದರು. ನಿಜ ಹೇಳಬೇಕೆಂದು ಬಾಯಿ ತೆರೆದೆ, ಆದರೆ ಅಪ್ಪ ಆಗಲೇ ಜನರ ಕಡೆ ತಿರುಗಿ ಮಾತಾಡತೊಡಗಿದ್ದರು.

"ಎಂಥಾ ಹೆಂಗಸು!" ಅಂದರು ಅಪ್ಪ. "ನನ್ನ ಜೊತೆ ಜಗಳ ಮಾಡೋಕೆ ಊರಲ್ಲಿ ಇದ್ದದ್ದೇ ಅವರೊಬ್ಬರು. ಜೀವಮಾನದಲ್ಲಿ ನನ್ನ ಹತ್ತಿರ ಒಂದೇ ಒಂದು ಕೇಳಿದರು. ನಾನು ಕೊಡಲಿಲ್ಲ." ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

"ಹಾಗಾದರೆ ಈಗ ಕೊಡಿ," ಎಂದು ಕಾಫಿಯ ದೊಡ್ಡ ಪಾತ್ರೆ ಹಿಡಿದುಕೊಂಡು ಮಾವಿ ಬಾಗಿಲಿಗೆ ಬಂದರು.

ಒಬ್ಬಾಕೆ ಕಿರುಚಿ ಕೂತಳು. ಬಸ್ಸಿನ ಕಂಡಕ್ಟರು ಗೇಟು ಹಾರಿ ಓಡಿದ. ಅಪ್ಪ ಮಾವಿಯನ್ನು ನೋಡಿದರು, ಕೋವಿಯನ್ನು ನೋಡಿದರು, ಸೀಬೆ ಮರದ ಮೇಲೆ ಇನ್ನೂ ಒಂದು ಪುಟ ಹಿಡಿದಿದ್ದ ಮಂಗನನ್ನು ನೋಡಿದರು. ಕಾಕಾ ಟವೆಲು ತೆಗೆದು ನಡೆದದ್ದೆಲ್ಲ ಹೇಳಿದರು. ಅಂಗಳ ನಗೆಯಲ್ಲಿ ಕುಸಿಯಿತು. ಅಪ್ಪ ನಗಲಿಲ್ಲ. ಮುಖ ಕೆಂಪಾಗಿ, "ನಡೀರಿ, ನಡೀರಿ, ಕೆಲಸಕ್ಕೆ!" ಎಂದು ಹೊರಟರು.

"ಒಂದು ನಿಮಿಷ," ಅಂದರು ಮಾವಿ. "ನಿಮ್ಮ ಮನೆಯಲ್ಲಿ ಕಟ್ಟಲೆ ಎಂತದ್ದು? ಸಾವಿನ ಮನೆಯಿಂದ ಹೊರಟವರು ಎಂತ ಮಾಡಬೇಕು?"

ಅಪ್ಪ ನಿಂತರು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಹೋಗುತ್ತಿದ್ದರು. ಆದರೆ ಮೈಲಿಗೆಯ ವಿಷಯದಲ್ಲಿ ಅಪ್ಪ ಇಡೀ ಊರಿಗೆ ಪಾಠ ಹೇಳುವವರು. ಸಾವಿಗೆಂದು ಹೋದವರು ವಾಪಸಾಗುವ ದಾರಿಯಲ್ಲಿ ಸಿಗುವ ಮೊದಲ ಹರಿಯುವ ನೀರಲ್ಲಿ ಮುಳುಗದೆ ಹೊಸ್ತಿಲು ದಾಟಬಾರದು ಎಂಬುದು ನಮ್ಮ ತಾತನ ಕಾಲದ ಕಟ್ಟಲೆ. ಹಿಂದಿನ ವರ್ಷ ಚಳಿಜ್ವರದಲ್ಲಿದ್ದ ರೈಟರನ್ನೂ ಬಿಟ್ಟಿರಲಿಲ್ಲ.

"ಯಾರೂ ಸತ್ತಿಲ್ಲೆ ಅಲ್ಲಾ," ಅಂದರು ರೈಟರು, ತಮ್ಮ ಪಾಲಿಗೂ ಮುಳುಗು ಕಾದಿದೆ ಎಂದು ಅರಿತು.

"ಸತ್ತಿಲ್ಲ ಸರಿ," ಅಂದರು ಮಾವಿ. "ಆದರೆ ಸಾವು ಅಂತ ಹೊರಟಿರಿ, ಸಾವು ಅಂತ ಅತ್ತಿರಿ. ನೀವೇ ಹೇಳಿ, ಅತ್ತದ್ದು ಸುಳ್ಳಾ?"

ಅಪ್ಪ ತೋಡಿನ ನೊರೆಯ ಕಡೆ ನೋಡಿದರು. ಆಮೇಲೆ ತಗ್ಗಿದ ಸ್ವರದಲ್ಲಿ, "ಸುಳ್ಳಲ್ಲ," ಅಂದರು. ಪಂಚೆ ಎತ್ತಿ ಕಟ್ಟಿಕೊಂಡು ತೋಡಿಗೆ ಇಳಿದರು.

ನೊರೆ ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಅಪ್ಪ ಕಣ್ಣು ಮುಚ್ಚಿ, ಮೂಗು ಹಿಡಿದು ಮುಳುಗಿದರು. ಎದ್ದಾಗ ಮೀಸೆಯ ತುಂಬ ಕಾಫಿ ಸಿಪ್ಪೆ. ಅವರ ಹಿಂದೆ ರೈಟರು, ರೈಟರ ಹಿಂದೆ ಮೇಲಿನಬೀದಿ. ಯಜಮಾನರೇ ಇಳಿದ ಮೇಲೆ ಯಾರು ದಡದಲ್ಲಿ ನಿಲ್ಲುತ್ತಾರೆ? ಮಾವಿ ಸಾಹೇಬರ ಕಡೆ ತಿರುಗಿದರು. "ನೀವೂ ಇಳೀರಿ. ಮನೆಯವರ ಹಾಗೆ ನಿಂತು ಎಲ್ಲರ ಕೈ ಹಿಡಿದಿರಿ." ಅವರು ಮಫ್ಲರ್ ಬಿಚ್ಚಿಟ್ಟು, ಶೂ ಕಳಚಿ, ಯಾವುದೋ ಆರ್ಡರನ್ನು ಪಾಲಿಸುವವರಂತೆ ಇಳಿದರು. ಜನವರಿಯ ನೀರು, ಐಸ್! ಒಂದು ಮುಳುಗು ಹಾಕಿ ಎದ್ದು, ಮೂರು ಸಲ ಜೋರಾಗಿ ಸೀನಿದರು. ನಾಲ್ಕನೆಯ ಸೀನಿಗೆ ಮೂಗು ಬಿಟ್ಟುಕೊಂಡಿತು.

ಅವರು ಒಂದು ಉಸಿರು ಎಳೆದರು. ಅವರ ಮುಖವನ್ನು ನಾನು ಯಾವತ್ತೂ ಮರೆಯಲಾರೆ.

"ಅಯ್ಯಯ್ಯಪ್ಪಾ!" ಎಂದು ಕೂಗಿ, ದಡಕ್ಕೆ ಓಡಿ, ಒದ್ದೆ ಕೈಯಲ್ಲೇ ಫೈಲು ಎತ್ತಿಕೊಂಡು ಬರೆಯತೊಡಗಿದರು.

ಅವರೇನು ಬರೆದರೋ, ಅದಕ್ಕೆ ಬೆಂಗಳೂರಿನಿಂದ ಏನು ಉತ್ತರ ಬಂತೋ ನನಗೆ ಗೊತ್ತಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಆ ದಿನ ಅಪ್ಪ ಮೂರು ಸಲ ಸೋಪು ಹಚ್ಚಿ ಸ್ನಾನ ಮಾಡಿದರು. ಊಟಕ್ಕೆ ಕೂತು ಅನ್ನ ಮೂಸಿದರು, ಅಂಗೈ ಮೂಸಿದರು, ತಟ್ಟೆ ಸರಿಸಿ ಎದ್ದರು. ಮರುದಿನ ಬೆಳಿಗ್ಗೆ ಬ್ಯಾಡ್ಮಿಂಟನ್ ಕೋರ್ಟಿನ ನೆಟ್ಟು ಬಿಚ್ಚಿದ್ದರು, ಆಳುಗಳು ಅಲ್ಲಿ ಮೊದಲ ಹೊಂಡ ಅಗೆಯುತ್ತಿದ್ದರು. ಒಟ್ಟು ಮೂರು ಹೊಂಡ. ಪಲ್ಪರಿನ ನೀರು ಒಂದರಿಂದ ಒಂದಕ್ಕೆ ಇಳಿದು ಅಲ್ಲಿಯೇ ಇಂಗತೊಡಗಿತು. ಸಿಪ್ಪೆ ಕಾಫಿ ಗಿಡದ ಬುಡಕ್ಕೆ ಗೊಬ್ಬರವಾಯಿತು.

"ಸಂಘಕ್ಕೆ ಒಂದು ಲೆಟರ್ ಟೈಪ್ ಮಾಡಲಾ ಅಪ್ಪ?" ಎಂದು ಕೇಳಿದೆ.

"ಎಂತಕ್ಕೆ? ಮೂಗು ಉಟ್ಟಲ್ಲ ಅವರಿಗೆ," ಅಂದರು ಅಪ್ಪ.

ಗೆದ್ದ ಮೇಲೆ ಮಾವಿ ಸ್ವಲ್ಪ ದಿನ ಮಂಕಾದರು. ಜಗಳಕ್ಕೆ ವಿಷಯವೇ ಉಳಿದಿರಲಿಲ್ಲ. ಅಪ್ಪನಿಗೂ ಹಾಗೆಯೇ ಅನಿಸಿರಬೇಕು. ಒಂದು ದಿನ ಅವರೇ ಮಾವಿಗೆ, ನಿಮ್ಮ ಹುಂಜ ಬೆಳಗಿನ ಜಾವ ಅತಿಯಾಗಿ ಕೂಗುತ್ತದೆ ಎಂದು ಒಂದು ಪತ್ರ ಬರೆಸಿದರು. ಅದನ್ನು ಓದಿ ಹೇಳಿದಾಗ ಮಾವಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. "ಬರಿ!" ಅಂದರು. ಹುಂಜದ ವ್ಯವಹಾರ ನನ್ನ ಮದುವೆಯವರೆಗೂ ನಡೆಯಿತು. ಆಮೇಲೆ ನಾನು ಬೊಂಬಾಯಿಗೆ ಹೋದೆ. ಅವರಿಬ್ಬರಿಗೂ ಟೈಪಿಸ್ಟ್ ಇಲ್ಲದೆ ಸಂಧಾನ ಮಾಡಿಕೊಳ್ಳಬೇಕಾಯಿತು.

ನಾನು ಮಾವಿಯನ್ನು ಕೊನೆಯ ಸಲ ನೋಡಿದ್ದು ಕೆಲವು ವರ್ಷಗಳ ನಂತರ, ಒಂದು ಜನವರಿಯಲ್ಲಿ. ಅಪ್ಪ ಆಗ ಇರಲಿಲ್ಲ. ಎಸ್ಟೇಟನ್ನು ನನ್ನ ತಮ್ಮ ನೋಡಿಕೊಳ್ಳುತ್ತಿದ್ದ. ನಾನು ಬೊಂಬಾಯಿಗೆ ವಾಪಸು ಹೊರಟ ಬೆಳಿಗ್ಗೆ ಹೇಳಿ ಹೋಗಲೆಂದು ಹೋದೆ. ಮಾವಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಸೀರೆಯನ್ನು ಬೆರಳಿನಿಂದ ತಿಕ್ಕಿ ನೋಡಿ, "ನೈಲಾನಾ? ಬೆವರ್ತೀಯ," ಅಂದರು. ಆಮೇಲೆ ನನ್ನ ಭುಜ ಹಿಡಿದು ತೋಡಿಗೆ ನಡೆಸಿಕೊಂಡು ಹೋದರು. ದಾರಿ ತೋರಿಸಿದ್ದು ಅವರೇ, ನಾನಲ್ಲ. ಮೇಲೆ ದಿಣ್ಣೆಯಲ್ಲಿ ಪಲ್ಪರು ಓಡುತ್ತಿತ್ತು.

"ನಿನ್ನ ತಮ್ಮ ಹೊಸಬ. ನಾನು ದಿನಾ ಯಾರನ್ನಾದರೂ ಕರ್ಕೊಂಡು ಬಂದು ಕೇಳ್ತೇನೆ. ಇವತ್ತು ನೀನು. ಹೇಳು, ಬಣ್ಣ ಎಂತ ಉಂಟು?"

"ಬಣ್ಣ ಇಲ್ಲ ಮಾವಿ."

"ಸರಿಯಾಗಿ ನೋಡು."

"ಇಲ್ಲ. ಕೆಳಗಿನ ಕಲ್ಲು ಕಾಣ್ತಿದೆ. ಮೀನು ಕಾಣ್ತಿವೆ."

"ಎಷ್ಟುಂಟು?"

ನಾನು ಬಗ್ಗಿ ಎಣಿಸಿದೆ. ಕಿರುಬೆರಳಿನಷ್ಟು ಮೀನುಗಳು, ಬಿಸಿಲು ಬಿದ್ದ ಕಡೆ ಸೇರಿಕೊಂಡಿದ್ದವು. "ಹದಿನಾಲ್ಕು."

"ಬಂಡೆ ಸಂದಿಯಲ್ಲಿ ನೋಡಿದೆಯಾ? ಅಲ್ಲಿ ಒಂದು ದಪ್ಪದ್ದು ಇರ್ತದೆ."

ಸೀರೆ ಎತ್ತಿಕೊಂಡು ನೀರಿಗಿಳಿದು, ಬಂಡೆಯ ಸಂದಿಯಲ್ಲಿ ಇಣುಕಿದೆ. ಇತ್ತು. ನನ್ನ ನೆರಳು ಕಂಡದ್ದೇ ಅದು ಚಿಮ್ಮಿ ಉಳಿದವುಗಳ ನಡುವೆ ನುಗ್ಗಿತು, ಎಲ್ಲವೂ ಕಲಸಿಹೋದವು.

"ಓಡಿಸಿದೆಯಲ್ಲ," ಅಂದರು ಮಾವಿ, ಕಂಡವರ ಹಾಗೆ. "ಇನ್ನೊಂದು ಸಲ ಎಣಿಸು."

ಮೇಲೆ ರಸ್ತೆಯಲ್ಲಿ ನನ್ನ ಬಸ್ಸು ಹಾರ್ನು ಹೊಡೆಯತೊಡಗಿತ್ತು. ನಾನು ಮೊದಲಿನಿಂದ ಎಣಿಸಲು ಶುರುಮಾಡಿದೆ.